‘ಸಾಧನೆ’ ಎಂಬ ಪದಕ್ಕೆ ಗಣಿತದಲ್ಲಿರುವ ಅರ್ಥ

2024ರ ಅಕ್ಟೋಬರ್‌ನಲ್ಲಿ, ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಎಂಬ ಪಟ್ಟ ಹೊಸದೊಂದು ಸಂಖ್ಯೆಗೆ ಸಿಕ್ಕಿತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಮೊತ್ತದಿಂದ 1 ಕಳೆದರೆ ಉಳಿಯುವ ಸಂಖ್ಯೆ ಅದು. ಬಿಡಿಸಿ ಬರೆದರೆ 4,10,24,320 ಅಂಕಿಗಳು. ಪುಟಕ್ಕೆ 2,000 ಅಂಕಿಗಳಂತೆ ಅಚ್ಚು ಹಾಕಿಸಿದರೆ 20,513 ಪುಟ ಬೇಕು. 400 ಪುಟಕ್ಕೊಂದು ರಟ್ಟು ಕಟ್ಟಿಸಿದರೆ 52 ಸಂಪುಟ. ಇದನ್ನು ಕಂಡುಹಿಡಿದವನು ಅಮೆರಿಕದ ಲ್ಯೂಕ್ ಡ್ಯುರಾಂಟ್, ಹಿಂದೆ ಎನ್ವಿಡಿಯಾ ಕಂಪನಿಯಲ್ಲಿ ಕೆಲಸ ಮಾಡಿದ್ದವನು. 17 ದೇಶಗಳಲ್ಲಿ ಹರಡಿಕೊಂಡಿದ್ದ ಬಾಡಿಗೆ ಕಂಪ್ಯೂಟರುಗಳನ್ನು ಈ ಹುಡುಕಾಟಕ್ಕೆ ಹಚ್ಚಿದ್ದ. ಬಹುಮಾನವಾಗಿ ಬರುವ 3,000 ಡಾಲರನ್ನು ತಾನು ಓದಿದ ಅಲಬಾಮದ ಶಾಲೆಗೆ ಕೊಡುವುದಾಗಿ ಹೇಳಿದ.

ಇಂಥ ಸುದ್ದಿ ಬಂದಾಗಲೆಲ್ಲ ಮಾತು ಗಾತ್ರದ ಸುತ್ತಲೇ ಸುತ್ತುತ್ತದೆ. ಎಷ್ಟು ಅಂಕಿ, ಎಷ್ಟು ಪುಟ, ಓದಿ ಮುಗಿಸಲು ಎಷ್ಟು ದಿನ. ಆದರೆ ದೊಡ್ಡ ಸಂಖ್ಯೆಯನ್ನು ಬರೆಯುವುದು ಯಾರಿಗೂ ಕಷ್ಟವಲ್ಲ. ಒಂದರ ಮುಂದೆ ಸೊನ್ನೆ ಹಾಕುತ್ತ ಕೂತರೆ ಒಂದನೇ ತರಗತಿಯ ಮಗುವೂ ಡ್ಯುರಾಂಟನನ್ನು ಹಿಂದೆ ಹಾಕಬಹುದು. ಅವಿಭಾಜ್ಯಗಳಲ್ಲಿ ಅತಿ ದೊಡ್ಡದು ಎಂಬುದೇ ಇಲ್ಲವೆಂದು ಯೂಕ್ಲಿಡ್ 2,300 ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಹಾಗಾಗಿ ಈ ಪಟ್ಟವೂ ಇಂದಲ್ಲ ನಾಳೆ ಇನ್ನೊಂದು ಸಂಖ್ಯೆಗೆ ಹೋಗುವುದೇ. ಕೇಳಬೇಕಾದ ಪ್ರಶ್ನೆ ಬೇರೆ: 52 ಸಂಪುಟ ತುಂಬುವ ಈ ಸಂಖ್ಯೆಯನ್ನು 1 ಮತ್ತು ಅದನ್ನೇ ಬಿಟ್ಟರೆ ಮತ್ತಾವುದೂ ಶೇಷವಿಲ್ಲದೆ ಭಾಗಿಸದು ಎಂದು ಗೊತ್ತಾದದ್ದು ಹೇಗೆ?

ಕನ್ನಡದಲ್ಲಿ ‘ಸಾಧನೆ’ ಎಂಬ ಪದಕ್ಕೆ ಎರಡು ಬಾಳು. ಪತ್ರಿಕೆಯ ಪುಟದಲ್ಲಿ ಅದು ಯಾರೋ ಮಾಡಿದ ದೊಡ್ಡ ಕೆಲಸ; ಸನ್ಮಾನ, ಹಾರ, ಶಾಲು ಅದರ ಹಿಂದೆಯೇ ಬರುತ್ತವೆ. ಗಣಿತದ ಪಠ್ಯಪುಸ್ತಕದಲ್ಲಿ ಪ್ರಮೇಯದ ಹೇಳಿಕೆ ಮುಗಿದ ಮೇಲೆ ‘ಸಾಧನೆ’ ಎಂದು ಬರೆದಿದ್ದರೆ ಅದರ ಅರ್ಥ, ಈ ಮಾತು ಏಕೆ ನಿಜ ಎಂಬುದಕ್ಕೆ ಯಾರು ಬೇಕಾದರೂ ಪರೀಕ್ಷಿಸಬಹುದಾದ ಕಾರಣಗಳ ಸರಣಿ. ಕರ್ನಾಟಕದ ಮಕ್ಕಳಿಗೆ ಗಣಿತವೆಂದು ಇಂದು ಹೆಚ್ಚಾಗಿ ಸಿಗುತ್ತಿರುವುದು ಮೊದಲ ಅರ್ಥದ ಸಾಧನೆ: ವೇಗ, ರ‍್ಯಾಂಕು, ಬೆರಗು. ಎರಡನೆಯ ಅರ್ಥ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ಎರಡು ಮೂರು ಉತ್ತರಗಳಿಗೆ ಇಳಿದಿದೆ. ಇದು ತಿರುವುಮುರುವಾಗಬೇಕು. ಹಾಗೆ ಹೇಳಲು ಈ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮಳಖೇಡದ ಹಾರ

ಆ ಸಂಖ್ಯೆಯ ಗುಣವನ್ನು ತಿಳಿಯಲು ಅಮೆರಿಕಕ್ಕೆ ಹೋಗುವ ಮೊದಲು ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಹೋಗಬಹುದು. ಅದು ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ ಅಮೋಘವರ್ಷ ನೃಪತುಂಗನ ಹೊಗಳಿಕೆಯನ್ನು ಒಳಗೊಂಡೇ ಶುರುವಾಗುತ್ತದೆ. ಅದರ ಗುಣಾಕಾರದ ಭಾಗದಲ್ಲಿ ಒಂದು ಚೆಂದದ ಆಟವಿದೆ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ, ಕೊರಳ ಹಾರದಂಥ ಉತ್ತರ ಬರಬೇಕು. 139ನ್ನು 109ರಿಂದ ಗುಣಿಸಿದರೆ 15151. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ, 11111111. 2,79,94,681ನ್ನು 441ರಿಂದ ಗುಣಿಸಿದರೆ 12345654321.

ಗುಣಿಸುವವನಿಗೆ ಇದು ಐದು ನಿಮಿಷದ ಕೆಲಸ. ಈಗ ಆಟವನ್ನು ತಿರುಗಿಸಿ. 15151 ಎಂಬ ಹಾರವನ್ನಷ್ಟೇ ಕೈಗಿತ್ತು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ? 139 ಮತ್ತು 109 ಎರಡೂ ಅವಿಭಾಜ್ಯ. ಬೇರೆ ಉತ್ತರವೇ ಇಲ್ಲ. ಅದಕ್ಕೆ ತಲುಪಲು 2, 3, 5, 7, 11 ಎಂದು ಒಂದೊಂದಾಗಿ ಭಾಗಿಸುತ್ತ 109ರವರೆಗೆ ನಡೆಯಬೇಕು. ಹೆಣೆಯುವುದು ಸುಲಭ, ಬಿಚ್ಚುವುದು ಕಷ್ಟ. ಮಹಾವೀರಾಚಾರ್ಯನಿಗೆ ಬೇಕಿದ್ದದ್ದು ಹಾರದ ಚೆಂದ. ಆದರೆ ಈ ಏರುಪೇರಿನ ಮೇಲೆಯೇ ಇಂದಿನ ಜಗತ್ತು ತನ್ನ ಗುಟ್ಟುಗಳನ್ನೆಲ್ಲ ಇಟ್ಟಿದೆ; ಆ ಮಾತು ಮುಂದೆ ಬರುತ್ತದೆ.

ಎಂಟು ಒಂದುಗಳ ಹಾರ ಏಕೆ ಒಡೆಯುತ್ತದೆ ಎಂಬುದನ್ನು ಭಾಗಾಕಾರವಿಲ್ಲದೆಯೂ ಹೇಳಬಹುದು. ಎಂಟನ್ನು ಎರಡೆರಡರ ಗುಂಪು ಮಾಡಿದರೆ ಪ್ರತಿ ಗುಂಪೂ 11. ಹಾಗಾಗಿ 11111111 ಎಂದರೆ 11 × 1010101. ಆರು ಒಂದುಗಳಿದ್ದರೆ ಎರಡೆರಡಾಗಿಯೂ ಮೂರು ಮೂರಾಗಿಯೂ ಗುಂಪು ಮಾಡಬಹುದು. ಒಂದುಗಳ ಎಣಿಕೆಯನ್ನು ಸಮ ಗುಂಪುಗಳಾಗಿ ಹಂಚಲು ಸಾಧ್ಯವಾದರೆ ಹಾರವೂ ಒಡೆಯುತ್ತದೆ. ಆದ್ದರಿಂದ ಹಾರ ಅವಿಭಾಜ್ಯವಾಗಬೇಕಾದರೆ ಅದರಲ್ಲಿರುವ ಒಂದುಗಳ ಎಣಿಕೆಯೂ ಅವಿಭಾಜ್ಯವೇ ಆಗಿರಬೇಕು. ಇದೊಂದು ಸಾಧನೆ, ಪಠ್ಯಪುಸ್ತಕದ ಅರ್ಥದಲ್ಲಿ. ನಾಲ್ಕು ಸಾಲು, ಏಳನೇ ತರಗತಿಯ ತಿಳಿವು. ಆದರೂ ಅನಂತ ಹಾರಗಳ ಬಗ್ಗೆ ಒಂದೇ ಏಟಿಗೆ ತೀರ್ಪು ಕೊಡುತ್ತದೆ.

2024ರ ಸಂಖ್ಯೆಯೂ ಇಂಥದೇ ಹಾರ. ಅದನ್ನು ದಶಮಾನದಲ್ಲಿ ಬರೆಯದೆ ಕಂಪ್ಯೂಟರಿನ ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ, 13,62,79,841 ಒಂದುಗಳು ಸಾಲಾಗಿ ನಿಲ್ಲುತ್ತವೆ. ನಡುವೆ ಒಂದೂ ಸೊನ್ನೆಯಿಲ್ಲ. 17ನೇ ಶತಮಾನದಲ್ಲಿ ಇವುಗಳ ಹಿಂದೆ ಬಿದ್ದ ಫ್ರೆಂಚ್ ಪಾದ್ರಿಯ ಹೆಸರಿನಿಂದ ಇವನ್ನು ಮರ್ಸೆನ್ ಸಂಖ್ಯೆಗಳು ಎನ್ನುತ್ತಾರೆ. ಎರಡು ಒಂದುಗಳಿದ್ದರೆ 3, ಮೂರಿದ್ದರೆ 7, ಐದಿದ್ದರೆ 31, ಏಳಿದ್ದರೆ 127. ಎಲ್ಲವೂ ಅವಿಭಾಜ್ಯ. ಒಂದುಗಳ ಎಣಿಕೆ ಅವಿಭಾಜ್ಯವಾದರೆ ಸಾಕು ಎಂದು ಇಲ್ಲಿ ಯಾರಿಗಾದರೂ ಅನ್ನಿಸುತ್ತದೆ. ಮುಂದಿನದು ಹನ್ನೊಂದು ಒಂದುಗಳದ್ದು, 2047. ಅದು 23 × 89. ನಾಲ್ಕು ಉದಾಹರಣೆ ಹೊಂದಿದವೆಂದು ಐದನೆಯದನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪಾಠ ಬೇಡ.

ಆ 23 ಮತ್ತು 89ರಲ್ಲಿ ಇನ್ನೊಂದು ಗುಣ ಅಡಗಿದೆ. ಎರಡರಿಂದಲೂ 1 ಕಳೆಯಿರಿ: 22 ಮತ್ತು 88. ಎರಡೂ 22ರ ಗುಣಕಗಳು, ಅಂದರೆ ಹನ್ನೊಂದರ ಇಮ್ಮಡಿಯ ಗುಣಕಗಳು. ಇದು ಆಕಸ್ಮಿಕವಲ್ಲ. ಮರ್ಸೆನ್ ಸಂಖ್ಯೆಯಲ್ಲಿರುವ ಒಂದುಗಳ ಎಣಿಕೆ 2ನ್ನು ಬಿಟ್ಟು ಬೇರೆ ಅವಿಭಾಜ್ಯವಾಗಿದ್ದರೆ, ಅದರ ಯಾವುದೇ ಅವಿಭಾಜ್ಯ ಭಾಜಕದಿಂದ 1 ಕಳೆದಾಗ ಉಳಿಯುವುದು ಆ ಎಣಿಕೆಯ ಇಮ್ಮಡಿಯ ಗುಣಕವೇ ಆಗಿರುತ್ತದೆ ಎಂಬುದರ ಬೇರು 1640ರ ಸುಮಾರಿನ ಫರ್ಮಾನ ಪ್ರಮೇಯದಲ್ಲಿದೆ. ಇದನ್ನು 2024ರ ಸಂಖ್ಯೆಗೆ ಹಚ್ಚಿ ನೋಡಿ. ಅದಕ್ಕೆ ಭಾಜಕವೇನಾದರೂ ಇದ್ದಿದ್ದರೆ ಅದು ಕನಿಷ್ಠ 27,25,59,683 ಆಗಿರಬೇಕಿತ್ತು. 3, 7, 11ರಿಂದ ಹಿಡಿದು 27 ಕೋಟಿಯವರೆಗಿನ ಯಾವ ಸಂಖ್ಯೆಯೂ ಅದನ್ನು ಭಾಗಿಸದು. ಇಷ್ಟನ್ನು ತಿಳಿಯಲು ಒಂದು ಭಾಗಾಕಾರವೂ ಬೇಕಾಗಲಿಲ್ಲ.

ಕೊನೆಯ ಅಂಕಿಯನ್ನು ಕಂಡುಹಿಡಿಯುವುದು ಇನ್ನೂ ಸುಲಭ. 2, 4, 8, 16, 32 ಎಂದು ಹೋದಂತೆ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕರ ಸುತ್ತಿನಲ್ಲಿ ತಿರುಗುತ್ತದೆ. 13,62,79,841ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾದರೆ ಕೊನೆಯ ಅಂಕಿ 2, ಅದರಿಂದ 1 ಕಳೆದರೆ 1. ನಾಲ್ಕು ಕೋಟಿ ಅಂಕಿಗಳನ್ನು ಬರೆಯದೆಯೇ ಕೊನೆಯದು ಯಾವುದೆಂದು ಹಳ್ಳಿಯ ಪ್ರೌಢಶಾಲೆಯ ಹುಡುಗಿಯೊಬ್ಬಳು ಖಚಿತವಾಗಿ ಹೇಳಬಲ್ಲಳು.

ಒಡೆಯುತ್ತದೆ, ಎಲ್ಲಿ ಎಂದು ಗೊತ್ತಿಲ್ಲ

27 ಕೋಟಿಯ ಆಚೆಗೆ? ಅಲ್ಲಿಂದ ಭಾಗಿಸುತ್ತ ಹೋಗುವ ಮಾತೇ ಇಲ್ಲ. ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ಬರೆಯಲು ಎಂಬತ್ತು ಚಿಲ್ಲರೆ ಅಂಕಿ ಸಾಕು. ಇಲ್ಲಿ ಪ್ರಯತ್ನಿಸಬೇಕಾದ ಭಾಜಕಗಳ ಸಂಖ್ಯೆಗೇ ಎರಡು ಕೋಟಿ ಅಂಕಿಗಳಿವೆ. ಕೆಲಸಕ್ಕೆ ಬರುವುದು ಫ್ರಾನ್ಸಿನ ಲ್ಯೂಕಾಸ್ 1870ರ ದಶಕದಲ್ಲಿ ಕಂಡ, ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ಹದಗೊಳಿಸಿದ ಒಂದು ಪರೀಕ್ಷೆ.

ಅದರ ವಿಧಾನ ಅಡುಗೆಯ ಕ್ರಮದಷ್ಟೇ ಸರಳ. 4ರಿಂದ ಶುರುಮಾಡಿ. ಅದರ ವರ್ಗ ಮಾಡಿ 2 ಕಳೆಯಿರಿ. ಬಂದದ್ದನ್ನು ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆಯುವುದು, ಮತ್ತೆ ಶೇಷ. ಒಂದುಗಳ ಎಣಿಕೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. 31ಕ್ಕೆ ಮೂರು ಹೆಜ್ಜೆ: 4ರಿಂದ 14, 14ರಿಂದ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8, 8ರಿಂದ 62, ಅದು 31ರ ಎರಡು ಪಟ್ಟು, ಶೇಷ ಸೊನ್ನೆ. ಮುಗಿಯಿತು. 2047ಕ್ಕೆ ಒಂಬತ್ತು ಹೆಜ್ಜೆ: 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ. ಆದ್ದರಿಂದ 2047 ಅವಿಭಾಜ್ಯವಲ್ಲ.

ಈ ಎರಡನೆಯ ಫಲಿತಾಂಶವನ್ನು ಇನ್ನೊಮ್ಮೆ ನೋಡಬೇಕು. ಹಾರ ಒಡೆಯುತ್ತದೆ ಎಂದು ಪರೀಕ್ಷೆ ಹೇಳಿತು. ಎಲ್ಲಿ ಒಡೆಯುತ್ತದೆ ಎಂದು ಹೇಳಲಿಲ್ಲ. 23 ಮತ್ತು 89 ಆ ಒಂಬತ್ತು ಶೇಷಗಳಲ್ಲಿ ಎಲ್ಲೂ ಕಾಣುವುದಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಬೇರೆ, ಅದರ ಅಪವರ್ತನಗಳನ್ನು ಹುಡುಕುವುದು ಬೇರೆ. ಶಾಲೆಯಲ್ಲಿ ಇವೆರಡನ್ನೂ ಒಂದೇ ಪಾಠವಾಗಿ ಕಲಿಸುವುದರಿಂದ ಹೆಚ್ಚಿನವರಿಗೆ ಈ ವ್ಯತ್ಯಾಸ ಕೊನೆಯವರೆಗೂ ಕಣ್ಣಿಗೆ ಬೀಳುವುದಿಲ್ಲ.

2024ರ ಸಂಖ್ಯೆಗೆ ಹೆಜ್ಜೆಗಳು 13 ಕೋಟಿಗೂ ಹೆಚ್ಚು. ಪ್ರತಿ ಹೆಜ್ಜೆಯಲ್ಲೂ ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಯ ವರ್ಗ. ಯಂತ್ರಕ್ಕೂ ಕೈತಪ್ಪುತ್ತದೆ. ಆದ್ದರಿಂದ ಡಬ್ಲಿನ್‌ನ ಯಂತ್ರವೊಂದು ‘ಅವಿಭಾಜ್ಯವಿರಬಹುದು’ ಎಂದಾಗ ಯಾರೂ ಪಟಾಕಿ ಹೊಡೆಯಲಿಲ್ಲ. ಮರುದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದ ಯಂತ್ರ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಮುಗಿಸಿತು. ಆಮೇಲೆ ಬೇರೆ ಬೇರೆಯವರು ಬರೆದ ತಂತ್ರಾಂಶಗಳು ಬೇರೆ ಬೇರೆ ಬಗೆಯ ಯಂತ್ರಗಳ ಮೇಲೆ ಅದನ್ನೇ ಮತ್ತೆ ಲೆಕ್ಕ ಹಾಕಿದವು. ಅಷ್ಟಾದ ಮೇಲೆ ಅಕ್ಟೋಬರ್ 21ರ ಪ್ರಕಟಣೆ. ಈಗಲೂ ಇದನ್ನು ‘ಇದುವರೆಗೆ ಸಿಕ್ಕ 52ನೇ ಮರ್ಸೆನ್ ಅವಿಭಾಜ್ಯ’ ಎನ್ನುತ್ತಾರೆಯೇ ಹೊರತು ‘ಸಾಲಿನಲ್ಲಿ 52ನೆಯದು’ ಎನ್ನುವುದಿಲ್ಲ. ಇದಕ್ಕಿಂತ ಚಿಕ್ಕದೊಂದು ಕಣ್ತಪ್ಪಿ ಉಳಿದಿಲ್ಲವೆಂದು ಇನ್ನೂ ಪೂರ್ತಿ ಪರಿಶೀಲನೆ ಆಗಿಲ್ಲ. ಮಾತಿನಲ್ಲಿ ಈ ಎಚ್ಚರ ಇರುವುದೇ ಗಣಿತದ ಶೀಲ.

ಸಂಖ್ಯೆಯ ಆಕಾರ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಮಹಾವೀರಾಚಾರ್ಯನ ದಶಮಾನದ ಹಾರಗಳಿಗೇ ಬರಬೇಕು. ಒಂದುಗಳು ಮಾತ್ರ ಇರುವ ಹಾರಗಳಲ್ಲಿ 2, 19, 23, 317, 1031 ಒಂದುಗಳವು ಅವಿಭಾಜ್ಯ. ಅದರ ಮುಂದಿನದೆಂದು 49,081 ಒಂದುಗಳ ಹಾರವನ್ನು 1999ರಲ್ಲಿ ಹಾರ್ವೆ ಡಬ್ನರ್ ಗುರುತಿಸಿದರು. ಮಾಡಿದ ಪರೀಕ್ಷೆಗಳೆಲ್ಲ ‘ಹೌದು’ ಎಂದವು. ಅದು ಅವಿಭಾಜ್ಯವೆಂಬುದರಲ್ಲಿ ಬಲ್ಲವರಿಗೆ ಸಂಶಯವೇ ಇರಲಿಲ್ಲ. ಆದರೂ ಸಾಧನೆ ಸಿಗುವವರೆಗೆ ಅದನ್ನು ‘ಸಂಭಾವ್ಯ’ ಎಂಬ ಪಟ್ಟಿಯಲ್ಲೇ ಇಟ್ಟರು. ಸಾಧನೆ ಸಿಕ್ಕಿದ್ದು 2022ರಲ್ಲಿ. ನಾಲ್ಕು ಕೋಟಿ ಅಂಕಿಗಳ ಸಂಖ್ಯೆ ಕೆಲವೇ ದಿನಗಳಲ್ಲಿ ಖಚಿತವಾಯಿತು, ಅರ್ಧ ಲಕ್ಷ ಅಂಕಿಗಳದ್ದಕ್ಕೆ 23 ವರ್ಷ ಹಿಡಿಯಿತು. ಮರ್ಸೆನ್ ಸಂಖ್ಯೆಗೆ 1 ಕೂಡಿಸಿದರೆ ಬರೀ ಎರಡುಗಳ ಗುಣಲಬ್ಧ. ಲ್ಯೂಕಾಸನ ಪರೀಕ್ಷೆಗೆ ಅದೇ ಹಿಡಿಕೆ. ದಶಮಾನದ ಹಾರಕ್ಕೆ ಅಂಥ ಹಿಡಿಕೆ ಇಲ್ಲ.

1977ರ ಎರಡು ಸಂಖ್ಯೆಗಳು

ದೊಡ್ಡ ಸಂಖ್ಯೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಬೆಂಗಳೂರಿನ ಶಕುಂತಲಾ ದೇವಿ. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರ ಮುಂದೆ 201 ಅಂಕಿಗಳ ಸಂಖ್ಯೆಯೊಂದನ್ನಿಟ್ಟು ಅದರ 23ನೇ ಮೂಲ ಕೇಳಿದರು. 50 ಸೆಕೆಂಡಿನಲ್ಲಿ ಅವರು ಹೇಳಿದ ಉತ್ತರ 54,63,72,891. ಯೂನಿವ್ಯಾಕ್ ಕಂಪ್ಯೂಟರಿಗೆ ಇದನ್ನು ತಾಳೆ ನೋಡಲು ಪ್ರತ್ಯೇಕ ಪ್ರೋಗ್ರಾಂ ಬರೆಯಬೇಕಾಯಿತು. ಸರ್ಕಸ್ಸಿನ ಕಲಾವಿದನ ಮಗಳಾಗಿ, ಶಾಲೆಯ ಓದು ಕೈಗೆಟುಕದೆ ಬೆಳೆದ ಹೆಣ್ಣುಮಗಳು ಅಲ್ಲಿಯವರೆಗೆ ಹೋದ ಕಥೆಗೆ ಯಾರಾದರೂ ತಲೆಬಾಗಬೇಕು.

ಆ ಉತ್ತರವನ್ನು ಈಗ ನಿಧಾನವಾಗಿ ನೋಡಿ. 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಒಂದೊಂದು ಸಲ. ಕೂಡಿದರೆ 45, ಆದ್ದರಿಂದ ಸಂಖ್ಯೆ 9ರಿಂದ ಭಾಗವಾಗುತ್ತದೆ. ಈ ಒಂಬತ್ತು ಅಂಕಿಗಳನ್ನು ಹೇಗೆ ಅದಲುಬದಲು ಮಾಡಿ ಜೋಡಿಸಿದರೂ ಅವಿಭಾಜ್ಯ ಸಿಗುವುದಿಲ್ಲ. ಇನ್ನೂ ಭಾಗಿಸಿದರೆ 54,63,72,891 ಎಂದರೆ 27 × 2,02,36,033. ಹಾಗಾಗಿ ಡಲ್ಲಾಸಿನ 201 ಅಂಕಿಗಳ ದೈತ್ಯ ಸಂಖ್ಯೆಯಿಂದ 3 ಎಂಬ ಅಪವರ್ತನವನ್ನು 69 ಸಲ ಹೊರತೆಗೆಯಬಹುದು. ಅದು ಉದ್ದವಾಗಿತ್ತು ನಿಜ, ಆದರೆ ಒಳಗೆ ಒಂಬತ್ತೇ ಅಂಕಿಗಳ ಮಾಹಿತಿ ಇತ್ತು.

ಅದೇ 1977ರ ಆಗಸ್ಟಿನಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಇನ್ನೊಂದು ಸಂಖ್ಯೆಯನ್ನು ಪ್ರಕಟಿಸಿದರು. ಅದಕ್ಕಿದ್ದದ್ದು 129 ಅಂಕಿ ಮಾತ್ರ. ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಎರಡು ದೊಡ್ಡ ಅವಿಭಾಜ್ಯಗಳನ್ನು ಆರಿಸಿ, ಗುಣಿಸಿ, ಗುಣಲಬ್ಧವನ್ನು ಜಗತ್ತಿನ ಮುಂದಿಟ್ಟು, ಅಪವರ್ತನ ಹುಡುಕಿದರೆ ಗುಪ್ತ ಸಂದೇಶವೊಂದನ್ನು ಓದಬಹುದು ಎಂದು ಸವಾಲು ಹಾಕಿದ್ದರು. ಅದು ಒಡೆದದ್ದು 1994ರಲ್ಲಿ, ಸುಮಾರು 600 ಮಂದಿ ಸ್ವಯಂಸೇವಕರು ಇಂಟರ್ನೆಟ್ ಮೂಲಕ ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ತಿಂಗಳುಗಟ್ಟಲೆ ದುಡಿದ ಮೇಲೆ. ಒಳಗಿದ್ದದ್ದು 64 ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳು. 201 ಅಂಕಿಗಳಿಗೆ 50 ಸೆಕೆಂಡು, 129 ಅಂಕಿಗಳಿಗೆ 17 ವರ್ಷ. ಕಷ್ಟ ಇರುವುದು ಉದ್ದದಲ್ಲಲ್ಲ ಎಂಬುದಕ್ಕೆ ಈ ಜೋಡಿ ಸಾಕು.

ಬೆಂಗಳೂರಿನಿಂದ ಸರಕು ತುಂಬಿಕೊಂಡು ಹೊರಟ ಲಾರಿಯ ಚಾಲಕನೊಬ್ಬ ನಾಗಪುರ ದಾಟಿ, ಕನ್ಹಾನ್ ನದಿಯ ದಂಡೆಯ ಕನ್ಹಾನ್ ಊರಿನಲ್ಲಿ ಚಹಾಕ್ಕೆ ನಿಂತಿದ್ದಾನೆ ಎಂದುಕೊಳ್ಳಿ. ಮನೆಗೆ ‘ಊಟ ಆಯ್ತು, ನೀವೂ ಮಾಡಿ’ ಎಂದು ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಸಂದೇಶ ಕಳಿಸುತ್ತಾನೆ. ಅದು ದಾರಿಯಲ್ಲಿ ಬೇರೆಯವರಿಗೆ ಓದಲು ಬಾರದಂತೆ ಕಾಯುವ ಲೆಕ್ಕ ನಡೆಯುವುದು 77 ಅಂಕಿಗಳ ಒಂದು ಅವಿಭಾಜ್ಯದ ಮೇಲೆ: 2ರ 255ನೇ ಘಾತದಿಂದ 19 ಕಳೆದರೆ ಸಿಗುವ ಸಂಖ್ಯೆ. ಅದು ಗುಟ್ಟಲ್ಲ, ಎಲ್ಲರಿಗೂ ಗೊತ್ತಿರುವುದೇ. 2ರ ಘಾತಕ್ಕೆ ಅಷ್ಟು ಹತ್ತಿರವಿರುವುದರಿಂದ ಫೋನಿಗೆ ಲೆಕ್ಕ ಹಗುರ. ಅದಕ್ಕಾಗಿಯೇ ಅದನ್ನು ಆರಿಸಿದ್ದು. ರಿವೆಸ್ಟ್ ಮತ್ತು ಜೊತೆಗಾರರ ವಿಧಾನವೂ ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಸುಮಾರು 300 ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ ಗುಣಲಬ್ಧವನ್ನು ಮಾತ್ರ ಹೊರಗಿಡುತ್ತಾರೆ. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗೆ ಇಲ್ಲಿ ಯಾವ ಕೆಲಸವೂ ಇಲ್ಲ. ‘ದೊಡ್ಡ ಅವಿಭಾಜ್ಯ ಸಿಕ್ಕಿತು, ಬ್ಯಾಂಕುಗಳು ಇನ್ನಷ್ಟು ಸುಭದ್ರ’ ಎಂದು ಆಗಾಗ ಕೇಳಿಬರುವ ಮಾತು ತಪ್ಪು.

ಕಾನ್ಪುರದ ಮೂವರು

ಹಾಗಾದರೆ ಅವಿಭಾಜ್ಯಗಳ ಹಿಂದೆ ಬೀಳುವುದರ ಫಲವೇನು? ಇದಕ್ಕೆ ಭಾರತದಲ್ಲೇ ಒಂದು ಉತ್ತರವಿದೆ. 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂಬತ್ತು ಪುಟಗಳ ಪ್ರಬಂಧವೊಂದನ್ನು ಹೊರತಂದರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದರು. ಯಾವುದೇ ಸಂಖ್ಯೆ, ಅದರ ಆಕಾರ ಹೇಗೇ ಇರಲಿ, ಅವಿಭಾಜ್ಯವೋ ಅಲ್ಲವೋ ಎಂದು ಅದೃಷ್ಟವನ್ನು ನೆಚ್ಚದೆ, ಸಾಧನೆಯಾಗದ ಊಹೆಗಳನ್ನು ನೆಚ್ಚದೆ, ಹೆಜ್ಜೆಗಳ ಸಂಖ್ಯೆ ಕೈಮೀರಿ ಬೆಳೆಯದಂತೆ ತೀರ್ಮಾನಿಸಬಹುದು ಎಂಬ ಮೊದಲ ಸಾಧನೆ ಅದು. ಶತಮಾನಗಳಿಂದ ಜನ ಹುಡುಕುತ್ತಿದ್ದದ್ದು. 2006ರಲ್ಲಿ ಅವರಿಗೆ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರಕ್ಕೆ ಬಂದರು.

ಅದರ ಬೀಜ ಶಾಲೆಯಲ್ಲಿ ಕಾಣುವಂಥದೇ. ಛಂದಸ್ಸಿನ ಲಘು–ಗುರುಗಳನ್ನು ಎಣಿಸಲು 10ನೇ ಶತಮಾನದಲ್ಲಿ ಹಲಾಯುಧ ವಿವರಿಸಿದ ಮೇರುಪ್ರಸ್ತಾರವನ್ನು, ಅಂದರೆ ಇಂದು ಪ್ಯಾಸ್ಕಲ್ ತ್ರಿಕೋನ ಎನ್ನುವುದನ್ನು ನೆನೆಯಿರಿ. ಏಳನೇ ಸಾಲು 1, 7, 21, 35, 35, 21, 7, 1. ತುದಿಯ ಒಂದುಗಳನ್ನು ಬಿಟ್ಟು ಒಳಗಿನವೆಲ್ಲ 7ರಿಂದ ಭಾಗವಾಗುತ್ತವೆ. ಆರನೇ ಸಾಲು 1, 6, 15, 20, 15, 6, 1. ಇಲ್ಲಿ 15 ಮತ್ತು 20 ಆರರಿಂದ ಭಾಗವಾಗವು. ಸಾಲಿನ ಕ್ರಮಾಂಕ ಅವಿಭಾಜ್ಯವಾಗಿದ್ದರೆ ಮಾತ್ರ ಒಳಗಿನವೆಲ್ಲ ಅದರಿಂದ ಭಾಗವಾಗುತ್ತವೆ. ಇದು ಮೊದಲೇ ಗೊತ್ತಿದ್ದ ಸಂಗತಿ, ಆದರೆ ದೊಡ್ಡ ಸಂಖ್ಯೆಗೆ ಇಡೀ ಸಾಲನ್ನು ಬರೆಯುವುದು ಅಸಾಧ್ಯ. ಸಾಲನ್ನು ಮಡಚಿ ಮಡಚಿ ಚಿಕ್ಕದಾಗಿಸಿದರೂ ಸತ್ಯ ಸೋರಿಹೋಗದಂತೆ ಎಷ್ಟು ಮಡಿಕೆ ಹಾಕಬಹುದು ಎಂದು ತೋರಿಸಿದ್ದು ಕಾನ್ಪುರದ ಮೂವರ ಕೆಲಸ.

ಈ ವಿಧಾನವನ್ನು ಫೋನುಗಳು ಬಳಸುವುದಿಲ್ಲ. ತಪ್ಪಾಗುವ ಸಾಧ್ಯತೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಇರುವ, ಇದಕ್ಕಿಂತ ವೇಗದ ಪರೀಕ್ಷೆಗಳು ಅವಕ್ಕೆ ಸಾಕು. ಆದರೂ ಜಗತ್ತಿನ ಗಣಿತಜ್ಞರು ಆ ಒಂಬತ್ತು ಪುಟಗಳನ್ನು ಓದಿ ಕೆಲವೇ ದಿನಗಳಲ್ಲಿ ಸರಿಯೆಂದು ಒಪ್ಪಿದರು. ಬಿ.ಟೆಕ್ ಮುಗಿಸಿದ ಇಬ್ಬರು ಹುಡುಗರು ಯಾರು, ಎಷ್ಟು ಬೇಗ ಲೆಕ್ಕ ಮಾಡುತ್ತಾರೆ, ಯಾವ ರ‍್ಯಾಂಕು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಸಾಧನೆ ಪುಟದ ಮೇಲಿತ್ತು.

ಎಂಬತ್ತು ಸೆಕೆಂಡು

ಈಗ ಕರ್ನಾಟಕದ ತರಗತಿಗೆ ಬರೋಣ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ಕಾರಣ ಬರೆಯಲು ಜಾಗವಿಲ್ಲ, ಗೋಲ ತುಂಬಿದರೆ ಆಯಿತು. ಹತ್ತನೇ ತರಗತಿಯ ‘ವಾಸ್ತವ ಸಂಖ್ಯೆಗಳು’ ಅಧ್ಯಾಯದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಇದೆ, ಎರಡರ ವರ್ಗಮೂಲ ಅಭಾಗಲಬ್ಧ ಎಂಬುದರ ಸಾಧನೆ ಇದೆ. ಎರಡೂ ಗಣಿತದ ಅತ್ಯಂತ ಸುಂದರ ವಿಚಾರಗಳು. ಆದರೆ ‘ಸಾಧಿಸಿ’ ಎಂದರೆ ‘ನೆನಪಿನಿಂದ ಬರೆಯಿರಿ’ ಎಂಬ ಅರ್ಥ ಬಂದು ಎಷ್ಟೋ ಕಾಲವಾಗಿದೆ. 2ರ ಬದಲು 5 ಕೊಟ್ಟರೆ ಅಂಕಿ ಬದಲಿಸಿ ಬರೆಯುತ್ತಾರೆ. 4 ಕೊಟ್ಟರೆ ಅದೇ ಸಾಧನೆ ಯಾವ ಸಾಲಿನಲ್ಲಿ ಮುರಿದು ಬೀಳುತ್ತದೆ ಎಂದು ಯಾರೂ ಕೇಳುವುದಿಲ್ಲ.

ಶಾಲೆ ಬಿಟ್ಟ ಮೇಲೆ ಅಬಾಕಸ್ ತರಗತಿ, ವೇದಗಣಿತದ ತರಗತಿ. ವೇದಗಣಿತ ಎಂಬ ಹೆಸರಿನ ಪುಸ್ತಕ ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣತೀರ್ಥರದ್ದು. ಅವರು 1953ರಲ್ಲಿ ಕಟ್ಟಿದ ವಿಶ್ವ ಪುನರ್ನಿರ್ಮಾಣ ಸಂಘ ಇದ್ದದ್ದು, ಆ ಲಾರಿ ದಾಟಿ ಬಂದ ನಾಗಪುರದಲ್ಲೇ. ಅವರು ತೀರಿಕೊಂಡ ಮೇಲೆ, 1965ರಲ್ಲಿ ಪುಸ್ತಕ ಅಚ್ಚಾಯಿತು. ಅದರ ಸೂತ್ರಗಳು ಇಂದು ಉಪಲಬ್ಧವಿರುವ ವೇದಪಾಠಗಳಲ್ಲಿ ಸಿಗುವುದಿಲ್ಲ. ಲೆಕ್ಕದ ಉಪಾಯಗಳು ಮಾತ್ರ ಸರಿಯಾಗಿವೆ. 97 × 96 ಮಾಡಬೇಕೆಂದರೆ ನೂರಕ್ಕೆ ಕೊರತೆ 3 ಮತ್ತು 4; 97ರಿಂದ 4 ಕಳೆದರೆ 93, 3 ಮತ್ತು 4 ಗುಣಿಸಿದರೆ 12; ಉತ್ತರ 9312. ಮಗು ಕಣ್ಣರಳಿಸುತ್ತದೆ. ತೊಂದರೆ ಉಪಾಯದಲ್ಲಿಲ್ಲ, ‘ಏಕೆ ಹೀಗೆ?’ ಎಂಬ ಪ್ರಶ್ನೆಗೆ ಗಡಿಯಾರ ಬಿಡುವು ಕೊಡದಿರುವುದರಲ್ಲಿದೆ. ನೂರರಿಂದ ಮೂರು ಕಡಿಮೆ, ನೂರರಿಂದ ನಾಲ್ಕು ಕಡಿಮೆ ಎಂದು ಬಿಡಿಸಿ ಗುಣಿಸಿ ತೋರಿಸಿದರೆ ಎಂಟನೇ ತರಗತಿಯ ಬೀಜಗಣಿತದಲ್ಲೇ ಕಾರಣ ಸಿಗುತ್ತದೆ. ಅಲ್ಲಿಗೆ ಉಪಾಯ ಸಾಧನೆಯಾಗುತ್ತದೆ, ಮಗು ಸಾವಿರದ ಹತ್ತಿರದ ಸಂಖ್ಯೆಗಳಿಗೆ ತನ್ನದೇ ಉಪಾಯ ಹೊಸೆಯುತ್ತದೆ.

ಇದಕ್ಕೆ ಎದುರಾಗುವ ಮಾತು ಹಗುರವಾದದ್ದಲ್ಲ. ಸರ್ಕಾರಿ ಶಾಲೆಯ ಮಗುವಿಗೆ ಮಗ್ಗಿಯೇ ಸರಿಯಾಗಿ ಬಾರದಿರುವಾಗ ಸಾಧನೆಯ ಮಾತು ಹೊಟ್ಟೆ ತುಂಬಿದವರದ್ದು; ಎಂಜಿನಿಯರಿಂಗ್ ಸೀಟು ಸಿಗುವುದು ವೇಗದಿಂದ, ಆ ಸೀಟು ಸಿಕ್ಕರೆ ಒಂದು ಮನೆ ಬಡತನದಿಂದ ಮೇಲೇಳುತ್ತದೆ; ಶಿಕ್ಷಕರಿಗೆ ಪಾಠ ಮುಗಿಸುವ ಗಡುವಿದೆ. ಇವೆಲ್ಲ ನಿಜ. ಆದರೆ ವೇಗದ ಪೈಪೋಟಿಯಲ್ಲಿ ಮೊದಲು ಸೋಲುವುದೂ ಆ ಸರ್ಕಾರಿ ಶಾಲೆಯ ಮಗುವೇ. ಕೋಚಿಂಗ್‌ಗೆ ಹಣ ಕೊಡಬಲ್ಲ ಮನೆಯ ಮಗು ಉಪಾಯಗಳನ್ನು ಕೊಂಡುಕೊಳ್ಳುತ್ತದೆ. ಕಾರಣ ಹೇಳುವ ಅಭ್ಯಾಸಕ್ಕೆ ಫೀಸು ಇಲ್ಲ. ಕಪ್ಪುಹಲಗೆ, ಸೀಮೆಸುಣ್ಣ, ಸಮಯ ಸಾಕು. ಇನ್ನು ವೇಗದ ಲೆಕ್ಕಕ್ಕೆ ಜೇಬಿನ ಫೋನಿದೆ. ಫೋನು ಕೊಟ್ಟ ಉತ್ತರವನ್ನು ನಂಬಬಹುದೇ ಎಂದು ತೂಗಿ ನೋಡುವ ಮನಸ್ಸು ಫೋನಿನಲ್ಲಿ ಸಿಗುವುದಿಲ್ಲ. ಕಂಪ್ಯೂಟರುಗಳು ತಪ್ಪನ್ನೂ ನಿರರ್ಗಳವಾಗಿ ಹೇಳುವ ಈ ದಿನಗಳಲ್ಲಿ ಅದಿಲ್ಲದೆ ಬೆಳೆದ ತಲೆಮಾರು ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ.

ಮಾಡಬಹುದಾದದ್ದು ಸಣ್ಣದು. ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ಪ್ರತಿ ವರ್ಷ ಒಂದೇ ಒಂದು ಪ್ರಶ್ನೆ, ಪಠ್ಯದಲ್ಲಿಲ್ಲದ್ದು, ತಪ್ಪಿರುವ ಸಾಧನೆಯೊಂದನ್ನು ಕೊಟ್ಟು ‘ಎಲ್ಲಿ ತಪ್ಪಿದೆ?’ ಎಂದು ಕೇಳಲಿ. ‘3, 7, 31, 127 ಅವಿಭಾಜ್ಯ, ಆದ್ದರಿಂದ ಮುಂದಿನದೂ ಅವಿಭಾಜ್ಯ’ ಎಂಬ ವಾದ ಅದಕ್ಕೆ ಸಾಕು. ಸರಿಯುತ್ತರಕ್ಕೆ ಅರ್ಧ ಅಂಕ, ಕಾರಣಕ್ಕೆ ಉಳಿದದ್ದು. ಮರ್ಸೆನ್ ಅವಿಭಾಜ್ಯಗಳು ಮುಗಿದುಹೋಗುತ್ತವೆಯೋ ಅನಂತವೋ ಎಂಬುದು ಯಾರಿಗೂ ಗೊತ್ತಿಲ್ಲ ಎಂದು ಪಠ್ಯಪುಸ್ತಕದಲ್ಲಿ ಎರಡು ಸಾಲು ಬರಲಿ. ಗಣಿತದಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿವೆ ಎಂಬುದೇ ಬಹಳ ಮಕ್ಕಳಿಗೆ ಹೊಸ ಸುದ್ದಿ. ಮಹಾವೀರಾಚಾರ್ಯನ ಹಾರಗಳು ಹೆಮ್ಮೆಯ ಭಾಷಣಕ್ಕೆ ಮಾತ್ರ ಮೀಸಲಾಗದೆ ಆರನೇ ತರಗತಿಯ ಅಭ್ಯಾಸಕ್ಕೆ ಬರಲಿ.

ಮಳಖೇಡದ ಶಾಲೆಯೊಂದರಲ್ಲಿ ಮೇಷ್ಟ್ರು ಹಲಗೆಯ ಮೇಲೆ 11111 ಎಂದು ಬರೆದು, ‘ಈ ಹಾರ ಒಡೀತದೇನು?’ ಎಂದು ಕೇಳಿ ಒಂದು ಪೀರಿಯಡ್ ಸುಮ್ಮನೆ ಕೂತರೆ ಸಾಕು. ಐದು ಒಂದುಗಳು, ಗುಂಪು ಮಾಡಲು ಬರುವುದಿಲ್ಲ. 2, 3, 5, 7 ಎಂದು ಅವಿಭಾಜ್ಯಗಳಿಂದ ಭಾಗಿಸುತ್ತ ಹೋದರೆ ಹನ್ನೆರಡು ಸಲ ಸೋಲು. ಹದಿಮೂರನೆಯದು 41. ಅಲ್ಲಿ ಶೇಷ ಸೊನ್ನೆ, ಭಾಗಲಬ್ಧ 271. ಕಂಡುಹಿಡಿದ ಹುಡುಗಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಯಾರೂ ಕೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತವನು ಗುಣಿಸಿ ನೋಡಿ ಹೌದು ಎನ್ನಬಹುದು.